17 ಅಲ್ಲ, 23: ಒಂದು ಬೆಕ್ಕಿನ ಗುಂಪಿನ 18 ತಿಂಗಳು

ಮೊದಲ ಸಭೆಯಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ. ವಸತಿ ಸಮುಚ್ಚಯದ ಕಾರ್ಯದರ್ಶಿ 40 ಬೆಕ್ಕುಗಳಿವೆ ಎಂದರು. ರಾತ್ರಿ ಪಾಳಿಯ ಕಾವಲುಗಾರ ‘ಒಂದು ಹದಿನೈದು ಇರಬೇಕು ಸಾರ್’ ಎಂದ. ದಿನಾ ಬೆಳಿಗ್ಗೆ ಅವುಗಳಿಗೆ ತಿನ್ನಲು ಹಾಕುವ ನೆಲಮಹಡಿಯ ಅಜ್ಜಿ ‘ನನ್ನವು ಹನ್ನೆರಡೇ’ ಎಂದು ಗದ್ದಲದ ನಡುವೆ ಸಣ್ಣ ದನಿಯಲ್ಲಿ ಹೇಳಿದರು. ಎರಡು ವರ್ಷದಿಂದ ನೋಡುತ್ತಿದ್ದೇನಲ್ಲ ಎಂಬ ಧೈರ್ಯದ ಮೇಲೆ ನಾನು 17 ಅಂದೆ. ಮೂರು ವಾರ ಪುಸ್ತಕ ಹಿಡಿದು ಕೂತು ಎಣಿಸಿದ ಮೇಲೆ ಸಿಕ್ಕಿದ್ದು 23.

ಇದನ್ನು ಬರೆದಿಡಲು ಆ ವ್ಯತ್ಯಾಸವೇ ಕಾರಣ. ನನ್ನ ಲೆಕ್ಕಕ್ಕೆ ಸಿಗದ ಆ 6 ಬೆಕ್ಕುಗಳೇ ಮುಂದೆ ನಮ್ಮನ್ನು ಹೆಚ್ಚು ಕುಣಿಸಿದ್ದು.

ಜಾಗ ಮತ್ತು ದೂರು

ಐದು ಕಟ್ಟಡಗಳು. ಹಿಂಭಾಗದಲ್ಲಿ ಪಂಪ್‌ಹೌಸ್, ಬಳಕೆಯಲ್ಲಿಲ್ಲದ ಜನರೇಟರ್ ಕೋಣೆ, ಕಸ ಬೇರ್ಪಡಿಸುವ ಅಂಗಳ. ಕಾಂಪೌಂಡ್ ಗೋಡೆಯಾಚೆ ಒಂದಿಷ್ಟು ಮರಗಳ ತೋಪು. ಬೆಕ್ಕಿಗೆ ಬೇಕಾದದ್ದೆಲ್ಲ ಅಲ್ಲಿತ್ತು: ಮಳೆಗೆ ಮರೆ, ನುಸುಳಲು ಸಂದು, ತಿನ್ನಲು ಕಸ, ಮೇಲೆ ನಾಲ್ಕು ಮನೆಯವರ ಕೈತುತ್ತು.

ದೂರುಗಳೂ ಗುರುತಿರುವಂಥವೇ. ರಾತ್ರಿಯಿಡೀ ಗಂಡುಬೆಕ್ಕುಗಳ ಕಿರುಚಾಟ, ಮೆಟ್ಟಿಲ ಬುಡದಲ್ಲಿ ಮೂತ್ರದ ನಾತ, ಕಾರಿನ ಮೇಲೆ ಹೆಜ್ಜೆ ಗುರುತು, ಮಕ್ಕಳು ಆಡುವ ಮರಳಿನಲ್ಲಿ ಹೊಲಸು. ದೂರಿನ ಪಟ್ಟಿಗೆ ಸೇರದ ಇನ್ನೊಂದಿತ್ತು: ಆಗಾಗ ಯಾವುದೋ ಮೂಲೆಯಲ್ಲಿ ಸತ್ತು ಬಿದ್ದಿರುತ್ತಿದ್ದ ಮರಿಗಳು. ಅವನ್ನು ಎತ್ತಿ ಹೂಳುತ್ತಿದ್ದುದು ಕಸ ಗುಡಿಸುವ ಅಕ್ಕ. ಆಕೆಯನ್ನು ಮಾತ್ರ ಯಾರೂ ಸಭೆಗೆ ಕರೆದಿರಲಿಲ್ಲ.

ಸಭೆಯ ಒಲವು ‘ಹಿಡಿಸಿ ಎಲ್ಲಾದರೂ ದೂರ ಬಿಟ್ಟು ಬರೋಣ’ ಎಂಬುದರ ಕಡೆಗಿತ್ತು. ಅದನ್ನು ಒಮ್ಮೆ ಮಾಡಿಯೂ ಆಗಿತ್ತು. ಹಿಂದಿನ ಸಮಿತಿ 6 ಬೆಕ್ಕುಗಳನ್ನು ಚೀಲದಲ್ಲಿ ಕಟ್ಟಿ ಸಾಗಿಸಿತ್ತು. ಅವು ಏನಾದವೋ ಗೊತ್ತಿಲ್ಲ. ವರ್ಷ ತುಂಬುವ ಮೊದಲೇ ಬೇರೆ ಬೆಕ್ಕುಗಳು ಆ ಜಾಗ ಹಿಡಿದಿದ್ದವು. ಅನ್ನ, ಆಸರೆ ಎರಡೂ ಇದ್ದಲ್ಲಿ ಜಾಗ ಖಾಲಿ ಉಳಿಯುವುದಿಲ್ಲ. ಟ್ಯಾಸ್ಮೇನಿಯಾದ ಕಾಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಇನ್ನೂ ಖಾರವಾಗಿ ತೋರಿಸಿದೆ. ಅಲ್ಲಿ ಅಷ್ಟಿಷ್ಟು ಬೆಕ್ಕುಗಳನ್ನು ಹಿಡಿದು ತೆಗೆದ ತಾಣಗಳಲ್ಲಿ ಬೆಕ್ಕಿನ ಸಂಖ್ಯೆ ಇಳಿಯಲಿಲ್ಲ, ಏರಿತು. ದೊಡ್ಡವು ಹೋದ ಜಾಗಕ್ಕೆ ಸುತ್ತಲಿನ ಹೊಸವು ನುಗ್ಗಿದ್ದವು ಎಂಬುದು ಸಂಶೋಧಕರ ಊಹೆ.

ನಾವು ಮುಂದಿಟ್ಟ ದಾರಿ ಹೊಸದೇನಲ್ಲ: ಹಿಡಿ, ಮರಿಯಾಗದಂತೆ ಆಪರೇಷನ್ ಮಾಡಿಸು, ಹಿಡಿದಲ್ಲೇ ಬಿಡು, ಆಮೇಲೆ ನೋಡಿಕೋ. ಕೊನೆಯ ಎರಡು ಪದಗಳನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಅಮೆರಿಕದ ಫ್ಲಾರಿಡಾದ ವಿಶ್ವವಿದ್ಯಾಲಯ ಆವರಣವೊಂದರಲ್ಲಿ 1991ರಿಂದ 2002ರವರೆಗೆ 155 ಬೆಕ್ಕುಗಳ ದಾಖಲೆ ಇಟ್ಟಿದ್ದರು. 1996ರಲ್ಲಿ ಪೂರ್ತಿ ಎಣಿಕೆ ಮುಗಿದಾಗ ಆವರಣದಲ್ಲಿದ್ದದ್ದು 68, ಕೊನೆಗೆ ಉಳಿದದ್ದು 23. ಆದರೆ ಆ 155ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಿಗೆ ಸೇರಿದ್ದವು. ಬರಿಯ ಆಪರೇಷನ್ನಿನಿಂದ ಆದ ಇಳಿಕೆ ಅದಲ್ಲ. ಇದನ್ನು ಸಭೆಯಲ್ಲಿ ಹೇಳಿದ್ದಕ್ಕೆ ನನ್ನ ಪಕ್ಷದವರೇ ನನ್ನ ಮೇಲೆ ಮುನಿಸಿಕೊಂಡರು. ‘ಗೆಲ್ಲುವ ಮಾತಾಡಿ ಅಂದ್ರೆ ನೀವೇ ಅವರಿಗೆ ಕೋಲು ಕೊಡ್ತೀರಲ್ಲ’ ಅಂತ. ಇರಲಿ. ನಮಗೆ ಒಂದು ವರ್ಷದ ಗಡುವು ಸಿಕ್ಕಿತು.

ಎಣಿಕೆ

ಬೆಕ್ಕನ್ನು ಎಣಿಸುವುದು ನೀರಿನಲ್ಲಿ ಮೀನು ಎಣಿಸಿದ ಹಾಗೆ. ಈಗ ಕಂಡದ್ದು ಆಗ ಕಂಡದ್ದೋ ಬೇರೆಯದೋ? ನನ್ನ 17ರಲ್ಲಿ ‘ಪಟ್ಟೆ’ ಎಂಬ ಒಂದು ಬೆಕ್ಕಿತ್ತು. ಮೂರು ವಾರದಲ್ಲಿ ಆ ಪಟ್ಟೆ ಮೂರು ಬೆಕ್ಕುಗಳಾಗಿ ಒಡೆಯಿತು. ಮೂರೂ ಒಂದೇ ಬಣ್ಣ, ಒಂದೇ ಗಾತ್ರ. ವ್ಯತ್ಯಾಸ ಇದ್ದದ್ದು ಮುಂಗಾಲಿನ ಒಳಬದಿಯ ಅಡ್ಡಗೆರೆಗಳಲ್ಲಿ, ಬಾಲದ ಬಳೆಗಳ ಎಣಿಕೆಯಲ್ಲಿ. ಅಂದಿನಿಂದ ಪ್ರತಿ ಬೆಕ್ಕಿಗೂ ನಾಲ್ಕು ಫೋಟೊ: ಎಡ ಮಗ್ಗುಲು, ಬಲ ಮಗ್ಗುಲು, ಮುಖ, ಬಾಲ. ಕರಿಬೆಕ್ಕುಗಳದ್ದೇ ತಲೆನೋವು. ಅವನ್ನು ಕಿವಿಯ ಹರಕು, ನಡಿಗೆ, ಎದೆಯ ಮೇಲಿನ ನಾಲ್ಕೈದು ಬಿಳಿಕೂದಲು ನೋಡಿಯೇ ಗುರುತಿಸಬೇಕು.

ಹೆಣ್ಣೋ ಗಂಡೋ ಎಂಬುದಕ್ಕೆ ಬಣ್ಣ ಒಂದಿಷ್ಟು ನೆರವಾಯಿತು. ಕಪ್ಪು ಕೆಂಪು ಕಲಸಿದ ಮೈಯವು, ಮೂರು ಬಣ್ಣದವು ಬಹುಪಾಲು ಹೆಣ್ಣೇ. ಕೆಂಪು ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿರುವುದರಿಂದ ಎರಡೂ ಬಣ್ಣ ಒಟ್ಟಿಗೆ ಬರಲು ಎರಡು ಎಕ್ಸ್ ಬೇಕು. ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಗಂಡುಗಳೇ ಹೆಚ್ಚು. ದೊಡ್ಡ ಗಂಡುಗಳ ಕೆನ್ನೆ ಉಬ್ಬಿರುತ್ತದೆ. ಉಳಿದವನ್ನು ಹಿಡಿದ ಮೇಲೆಯೇ ಖಚಿತಪಡಿಸಿಕೊಂಡೆವು.

ಕೊನೆಗೆ ಪುಸ್ತಕದಲ್ಲಿ ನಿಂತ ಲೆಕ್ಕ: ಬೆಳೆದ ಹೆಣ್ಣು 9, ಬೆಳೆದ ಗಂಡು 6, ಮರಿಗಳು 8. ಮರಿಗಳಲ್ಲಿ 3 ನಾಲ್ಕು ತಿಂಗಳು ದಾಟಿದವು, 5 ಇನ್ನೂ ಆರು ವಾರದ ಆಸುಪಾಸಿನವು. ಒಂಬತ್ತು ಹೆಣ್ಣುಗಳಲ್ಲಿ ಒಂದರ ಎಡಗಿವಿಯ ತುದಿ ನೇರವಾಗಿ ಕತ್ತರಿಸಿತ್ತು. ಹಿಂದೆಂದೋ, ಎಲ್ಲೋ, ಯಾರೋ ಆಪರೇಷನ್ ಮಾಡಿಸಿ ಬಿಟ್ಟದ್ದು. ಆ ಒಂದು ಸೆಂಟಿಮೀಟರ್ ಗುರುತು ಇಲ್ಲದಿದ್ದರೆ ಅದನ್ನು ಮತ್ತೆ ಹಿಡಿದು, ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು ನೋಡಬೇಕಾಗುತ್ತಿತ್ತು. ಕಿವಿ ಕತ್ತರಿಸುವುದು ಕ್ರೂರ ಎನ್ನುವವರಿಗೆ ನಾನು ತೋರಿಸುವುದು ಈ ಬೆಕ್ಕನ್ನೇ. ಆಪರೇಷನ್ನಿನ ಹೊತ್ತಿಗೇ, ಎಚ್ಚರ ತಪ್ಪಿರುವಾಗಲೇ ಕತ್ತರಿಸುತ್ತಾರೆ. ಆಮೇಲೆ ಅದು ಬದುಕಿರುವಷ್ಟು ದಿನ ದೂರದಿಂದಲೇ ಓದಬಹುದಾದ ಚೀಟಿ.

ಎಣಿಕೆಯಲ್ಲಿ ಇನ್ನೊಂದು ಬಯಲಾಯಿತು. ತಿನ್ನಲು ಹಾಕುವವರು ಅಜ್ಜಿ ಒಬ್ಬರೇ ಅಲ್ಲ, ನಾಲ್ಕು ಜನ. ಒಬ್ಬರಿಗೊಬ್ಬರು ಗೊತ್ತಿಲ್ಲ. ಒಬ್ಬರು ರಾತ್ರಿ 11ಕ್ಕೆ ಪಂಪ್‌ಹೌಸ್ ಹಿಂದೆ, ಇನ್ನೊಬ್ಬರು ನಸುಕಿನಲ್ಲಿ ಕಾರುಗಳ ನಡುವೆ, ಮತ್ತೊಬ್ಬರು ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಕ್ಕೆ ಎಸೆಯುವವರು. ಬಯ್ಯುತ್ತಾರೆಂದು ಎಲ್ಲರೂ ಗುಟ್ಟಾಗಿ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದ್ದವರು ಇಲ್ಲಿ ಬೆಕ್ಕುಗಳಲ್ಲ, ನಾವು. ಮಿಕ್ಕದ್ದು ರಾತ್ರಿಯೆಲ್ಲ ಬಿದ್ದಿರುತ್ತಿತ್ತು; ಅದಕ್ಕೆ ಇಲಿ, ಕಾಗೆ, ಪಕ್ಕದ ಬೀದಿಯ ಬೆಕ್ಕು.

ಊಟದ ಹೊತ್ತು

ಬೋನಿಗೂ ಮೊದಲು ಊಟವನ್ನು ಸರಿಪಡಿಸಬೇಕಾಯಿತು. ಹಸಿದ ಬೆಕ್ಕು ಮಾತ್ರ ಬೋನಿಗೆ ಬರುತ್ತದೆ. ಹಸಿದಿದೆಯೋ ಇಲ್ಲವೋ ತಿಳಿಯಬೇಕಾದರೆ ಎಲ್ಲರೂ ಒಂದೇ ಗಡಿಯಾರ ನೋಡಬೇಕು. ಬೆಳಿಗ್ಗೆ 6, ಸಂಜೆ 6, ಎರಡು ಜಾಗ, 30 ನಿಮಿಷ, ಮಿಕ್ಕದ್ದನ್ನು ಎತ್ತಿ ತಟ್ಟೆ ತೊಳೆದಿಡುವುದು. ನೀರು ಮಾತ್ರ ಸದಾ, ಊಟದ ತಟ್ಟೆಯಿಂದ ತುಸು ದೂರದಲ್ಲಿ.

ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಸಾಕು, ಒಣ ಆಹಾರವಾದರೆ 60 ಗ್ರಾಮಿನ ಆಸುಪಾಸು. ಅಷ್ಟರವರೆಗೆ ನಮ್ಮಲ್ಲಿ ಬೀಳುತ್ತಿದ್ದುದು ಅದರ ಎರಡರಷ್ಟಿತ್ತೇನೋ, ಆದರೂ ಮೈ ಒಣಗಿದ ಬೆಕ್ಕುಗಳಿದ್ದವು. ಬಿದ್ದದ್ದರಲ್ಲಿ ಮಾಂಸಾಂಶ ಕಡಿಮೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸದಿಂದಲೇ ಸಿಗಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಹಾಲು ನಿಲ್ಲಿಸಲು ಅಜ್ಜಿಯನ್ನು ಒಪ್ಪಿಸುವುದು ಸಮಿತಿಯನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು.

‘ಬೆಕ್ಕಿಗೆ ಹಾಲು ಬೇಡವಾ? ನೀನು ಯಾವ ಊರಿನವನೋ ಮಗಾ!’

ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ ಅಜ್ಜಿ, ಭೇದಿಯಾಗುತ್ತೆ ಎಂದೆ. ಅಜ್ಜಿ ನಂಬಲಿಲ್ಲ. ಹತ್ತು ದಿನ ಹಾಲು ಬಿಟ್ಟು ನೋಡಿ, ಮರಳಿನ ಗುಂಡಿ ಹೇಗಿರುತ್ತೋ ನೀವೇ ಹೇಳಿ ಎಂದೆ. ಹನ್ನೊಂದನೇ ದಿನ ಅವರೇ ಬಂದು, ‘ಗಟ್ಟಿಯಾಗಿದೆ ಕಣೋ’ ಎಂದು ಇಷ್ಟೇ ಹೇಳಿ ಹೋದರು. ಅಲ್ಲಿಂದ ಮುಂದೆ ಊಟದ ವೇಳೆಗೆ ಅಜ್ಜಿಯೇ ಯಜಮಾನಿ. 6 ಗಂಟೆ 5 ನಿಮಿಷಕ್ಕೆ ಬಂದರೆ ನನಗೂ ಬೈಗುಳ.

ಬೋನು

ಬೆಕ್ಕಿನ ಸಂತಾನದ ಬಗ್ಗೆ ಗೋಡೆಗೆ ಅಂಟಿಸುವ ಭಿತ್ತಿಪತ್ರಗಳಲ್ಲಿ ಒಂದು ಪ್ರಸಿದ್ಧ ಲೆಕ್ಕವಿದೆ: ಒಂದು ಜೋಡಿಯಿಂದ ಏಳು ವರ್ಷದಲ್ಲಿ 4,20,000 ಬೆಕ್ಕುಗಳು. ಹುಟ್ಟಿದ ಒಂದು ಮರಿಯೂ ಸಾಯದಿದ್ದರೆ ಎಂದು ಹಿಡಿದ ಗುಣಾಕಾರ ಅದು. ನಿಜ ಬೇರೆ. ಬೀದಿ ಬೆಕ್ಕುಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 169 ಮರಿಗಳಲ್ಲಿ 127 ಆರು ತಿಂಗಳು ತುಂಬುವುದರೊಳಗೆ ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ಕಸ ಗುಡಿಸುವ ಅಕ್ಕ ಹೂಳುತ್ತಿದ್ದ ಲೆಕ್ಕ ಅದು. ಇಷ್ಟೊಂದು ಸತ್ತರೂ ಗುಂಪು ಕರಗುವುದಿಲ್ಲ. ಗಬ್ಬದ ಅವಧಿ ಒಂಬತ್ತು ವಾರ, ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆ, ನಾಲ್ಕೈದು ತಿಂಗಳಿಗೇ ಮೊದಲ ಬೆದೆ. ಆದ್ದರಿಂದ ಪುಸ್ತಕದಲ್ಲಿ ‘4 ತಿಂಗಳು ದಾಟಿದ ಮರಿ’ ಎಂದು ಬರೆದ ಮೂರನ್ನೂ ಆಪರೇಷನ್ ಪಟ್ಟಿಗೇ ಸೇರಿಸಿದೆವು. ಒಟ್ಟು ಹಿಡಿಯಬೇಕಾದವು 17. ಹೌದು, ನನ್ನ ಮೊದಲ ದಿನದ ಸಂಖ್ಯೆಯೇ, ಆದರೆ ಬೆಕ್ಕುಗಳು ಬೇರೆ.

ಬೋನಿನ ಬಾಗಿಲನ್ನು ಮೇಲೆತ್ತಿ ತಂತಿಯಿಂದ ಬಿಗಿದು, ಒಂದು ವಾರ ಊಟವನ್ನು ಅದರೊಳಗೇ ಹಾಕಿದೆವು. ಮೊದಲ ದಿನ ಬಾಗಿಲ ಹತ್ತಿರ, ಕೊನೆಯ ದಿನ ಹಿಂಬದಿಯ ಗೋಡೆಗೆ ತಾಗಿಸಿ. ಹಿಡಿಯುವ ಹಿಂದಿನ ಸಂಜೆ ಊಟವಿಲ್ಲ. ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ. ಬೆಳಕು ಕಾಣದಿದ್ದರೆ ಬೆಕ್ಕು ಹೊರಳಾಡುವುದನ್ನು ನಿಲ್ಲಿಸುತ್ತದೆ. ಇಲ್ಲದಿದ್ದರೆ ಮೂತಿಯನ್ನು ಜಾಲರಿಗೆ ಬಡಿದು ರಕ್ತ ಮಾಡಿಕೊಳ್ಳುತ್ತದೆ.

ಇದೆಲ್ಲ ಗೊತ್ತಿದ್ದೂ ಮೊದಲ ದಿನವೇ ಎಡವಿದೆವು. ಸುಲಭವಾಗಿ ಸಿಗುತ್ತದೆಂದು, ಎಲ್ಲ ಬೆಕ್ಕುಗಳೂ ಊಟಕ್ಕೆ ಸುತ್ತ ನೆರೆದಿರುವಾಗಲೇ ಒಂದು ಬೋನನ್ನು ಬೀಳಿಸಿದೆವು. ಒಳಗಿದ್ದ ಕೆಂಚ ಎರಡು ನಿಮಿಷ ಬೋರ್ಗರೆದ. ಹೊರಗೆ ಹದಿನೈದು ಜೊತೆ ಕಣ್ಣು ಅದನ್ನೇ ನೋಡುತ್ತಿದ್ದವು. ಮರುದಿನ ಬೋನಿನ ಆರಡಿ ಸುತ್ತ ಒಂದು ಬೆಕ್ಕೂ ಸುಳಿಯಲಿಲ್ಲ. ಆಮೇಲೆ ನಾಲ್ಕು ಬೋನುಗಳನ್ನು ನಾಲ್ಕು ದಿಕ್ಕಿಗೆ, ಒಂದಕ್ಕೊಂದು ಕಾಣದಂತೆ ಇಟ್ಟೆವು.

ಇನ್ನೊಂದು ಅನಾಹುತಕ್ಕೆ ನಾವೇ ಹೊಣೆ. ನಮ್ಮ ಜೊತೆಗಿದ್ದ ಕಾಲೇಜು ಹುಡುಗ, ಬೋನಿನಲ್ಲಿದ್ದ ಹೆಣ್ಣುಬೆಕ್ಕು ಹಾಲೂಡಿಸುವುದೋ ಅಲ್ಲವೋ ನೋಡಲು ಬಾಗಿಲನ್ನು ನಾಲ್ಕು ಬೆರಳು ತೆರೆದ. ಅದು ಅವನ ಹೆಬ್ಬೆರಳ ಬುಡ ಕಚ್ಚಿ ಪರಾರಿ. ಸೋಪು ಹಚ್ಚಿ ನಲ್ಲಿಯಡಿ 15 ನಿಮಿಷ ತೊಳೆಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಲಸಿಕೆ ಶುರು ಮಾಡಿಸಿದೆವು. ‘ಸಣ್ಣ ಚುಕ್ಕಿ ಅಷ್ಟೇ ಅಣ್ಣಾ’ ಅಂದವನ ಕೈ ಸಂಜೆಗೆ ಬಾತುಕೊಂಡಿತ್ತು. ಬೆಕ್ಕಿನ ಹಲ್ಲು ಸೂಜಿಯಂಥದು. ಸೋಂಕನ್ನು ಆಳಕ್ಕೆ ಚುಚ್ಚುತ್ತದೆ, ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ. ನಾಯಿ ಕಚ್ಚಿದರೆ ಹೆದರುವ ಜನ ಬೆಕ್ಕು ಕಚ್ಚಿದರೆ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ, ಅದು ತಪ್ಪು.

ಗಬ್ಬದ ಬೆಕ್ಕುಗಳು ಎರಡು ಸಿಕ್ಕವು. ಒಂದಕ್ಕೆ ಇನ್ನೂ ಎಳೆಯ ದಿನಗಳು, ವೈದ್ಯರು ಹಿಂದೆಮುಂದೆ ನೋಡದೆ ಆಪರೇಷನ್ ಮಾಡಿದರು. ಇನ್ನೊಂದಕ್ಕೆ ದಿನ ತುಂಬುತ್ತ ಬಂದಿತ್ತು. ಮಾಡಿಸಬೇಕೆಂದು ನಾನು ಪಟ್ಟು ಹಿಡಿದೆ. ನಮ್ಮ ತಂಡದ ಒಬ್ಬರು ಅಂದಿನಿಂದ ಬರುವುದನ್ನು ಬಿಟ್ಟರು. ಹುಟ್ಟಿದ್ದರೆ ಮುಕ್ಕಾಲು ಪಾಲು ಸಾಯುತ್ತಿದ್ದವು ಎಂಬ ಲೆಕ್ಕ ನನ್ನ ಕಡೆಗಿತ್ತು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಲೆಕ್ಕ ಸರಿಯಿದೆ ಎಂದು ಇವತ್ತಿಗೂ ಅನ್ನುತ್ತೇನೆ. ಅವರು ಬಿಟ್ಟುಹೋದದ್ದೂ ಸರಿಯೇ ಇರಬಹುದು.

ಹಾಲೂಡಿಸುವ ತಾಯಂದಿರಿಗೆ ವೈದ್ಯರು ಹೊಟ್ಟೆಯ ನಡುವಿನ ಬದಲು ಪಕ್ಕೆಯಲ್ಲಿ ಕೊಯ್ದರು. ಕೆಚ್ಚಲಿಗೆ ಅಡ್ಡಿಯಿಲ್ಲ, ಬಿಟ್ಟ ಮೇಲೆ ಗಾಯವನ್ನು ದೂರದಿಂದ ನೋಡಬಹುದು. ಅವನ್ನು ಮರುದಿನವೇ ಬಿಟ್ಟೆವು. ಆಪರೇಷನ್ ಆದರೂ ಹಾಲು ಬತ್ತುವುದಿಲ್ಲ, ಮರಿಗಳು ಕಾಯುತ್ತಿರುತ್ತವೆ. ಗಂಡುಗಳಿಗೆ ಒಂದು ದಿನ, ಉಳಿದ ಹೆಣ್ಣುಗಳಿಗೆ ಎರಡು ಮೂರು ದಿನದ ಆರೈಕೆ. ಅರಿವಳಿಕೆಯಿಂದ ಏಳುವ ಹೊತ್ತಿಗೆ ಮೈ ತಣ್ಣಗಾಗುತ್ತದೆ, ಹಾಗಾಗಿ ಕೋಣೆ ಬೆಚ್ಚಗಿರಬೇಕು. ಆಪರೇಷನ್ ವೇಳೆಯಲ್ಲೇ ಎಲ್ಲದಕ್ಕೂ ಲಸಿಕೆ ಹಾಕಿಸಿದೆವು. ಆಗ ಅದು ಸುಮ್ಮನೆ ಒಂದು ಹೆಚ್ಚಿನ ಖರ್ಚು ಅನ್ನಿಸಿತ್ತು.

26 ದಿನದಲ್ಲಿ 13 ಮುಗಿದವು. ಮೊದಲೇ ಆಗಿದ್ದ ಒಂದನ್ನು ಸೇರಿಸಿದರೆ ಗುಂಪಿನ 18 ದೊಡ್ಡ ಬೆಕ್ಕುಗಳಲ್ಲಿ 14ರ ಕಿವಿಗೆ ಗುರುತು ಬಿದ್ದಿತ್ತು, ಮುಕ್ಕಾಲು ಪಾಲಿಗಿಂತ ಹೆಚ್ಚು. ಸಮಿತಿಗೆ ಹೆಮ್ಮೆಯಿಂದ ವರದಿ ಕೊಟ್ಟೆ. ಉಳಿದ 4ಕ್ಕೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಮುಸುಕಿ

ಆ ನಾಲ್ಕರಲ್ಲಿ ಎರಡು ಗಂಡು, ಎರಡು ಹೆಣ್ಣು. ಗಂಡುಗಳ ಬಗ್ಗೆ ನನಗೆ ಅವಸರವಿರಲಿಲ್ಲ. ಹತ್ತು ಗಂಡುಗಳಲ್ಲಿ ಒಂಬತ್ತನ್ನು ಹಿಡಿದರೂ ಉಳಿದ ಒಂದು ಎಲ್ಲ ಹೆಣ್ಣುಗಳಿಗೂ ಸಾಕಾಗುತ್ತದೆ; ಮರಿಯ ಲೆಕ್ಕ ಇಳಿಯಬೇಕಾದರೆ ಹೆಣ್ಣುಗಳನ್ನೇ ಹಿಡಿಯಬೇಕು. ಎರಡನೆಯ ವಾರವೇ ಇದು ನನಗೆ ಹೊಳೆಯಬೇಕಿತ್ತು. ಸುಲಭಕ್ಕೆ ಸಿಕ್ಕವನ್ನೆಲ್ಲ ಹಿಡಿದು ಶೇಕಡಾ ಏರಿಸುವ ಖುಷಿಯಲ್ಲಿದ್ದೆ.

ಮುಸುಕಿ ಕಪ್ಪು ಕೆಂಪು ಕಲಸಿದ ಬೆಕ್ಕು, ಮುಖದ ಅರ್ಧಕ್ಕೆ ಕಪ್ಪು ಮುಸುಕು ಎಳೆದ ಹಾಗೆ. ನನ್ನ 17ರಲ್ಲಿ ಅವಳಿರಲಿಲ್ಲ; ಎಣಿಕೆಯ ಮೂರನೇ ವಾರ, ಬೇರೆಯವು ತಿಂದು ಹೋದ ಮೇಲೆ ಬರುವವಳು ಎಂದು ಗೊತ್ತಾಯಿತು. ಬೋನಿನೊಳಗೆ ಮುಂಗಾಲು ಎರಡನ್ನೂ ಇಟ್ಟು, ಕುತ್ತಿಗೆ ಚಾಚಿ ಎಟುಕಿದಷ್ಟು ತಿಂದು, ಹಿಂಗಾಲು ನೆಲ ಬಿಡದೆ ಹಿಂದಕ್ಕೆ ಸರಿಯುತ್ತಿದ್ದಳು. ಉದ್ದದ ಬೋನು ತಂದೆವು, ಬರಲಿಲ್ಲ. ಬೋನಿನ ತಳಕ್ಕೆ ಮಣ್ಣು ಹರಡಿದೆವು, ಬರಲಿಲ್ಲ. ಎರಡು ತಿಂಗಳಲ್ಲಿ ಅವಳ ಹೊಟ್ಟೆ ದಪ್ಪಗಾಗಿ, ಒಂದು ದಿನ ಇದ್ದಕ್ಕಿದ್ದಂತೆ ಸಣ್ಣಗಾಯಿತು.

ಮರಿಗಳು ಜನರೇಟರ್ ಕೋಣೆಯಲ್ಲಿವೆ ಎಂದು ಪತ್ತೆ ಮಾಡಿದ್ದು ಕಸ ಗುಡಿಸುವ ಅಕ್ಕ. ನಾಲ್ಕು ಮರಿ. ಮುಟ್ಟಬೇಡಿ ಎಂದು ಆಕೆಯೇ ತಾಕೀತು ಮಾಡಿದಳು. ಗಲಿಬಿಲಿಯಾದರೆ ತಾಯಿ ಜಾಗ ಬದಲಿಸುತ್ತಾಳೆ, ಆಮೇಲೆ ನಿಮಗೆ ಸಿಕ್ಕುವುದಿಲ್ಲ. ಆಕೆಯ ಮಾತಿನಂತೆ ಐದು ವಾರ ಕಾದೆವು. ಅಷ್ಟರಲ್ಲಿ ಒಂದು ಮರಿ ಇಲ್ಲವಾಗಿತ್ತು.

ಕೊನೆಗೆ ಕೆಲಸ ಮಾಡಿದ್ದು ಬೀಳುಬೋನು. ತಳವಿಲ್ಲದ, ಬಲೆ ಬಿಗಿದ ದೊಡ್ಡ ಚೌಕಟ್ಟು. ಒಂದು ಅಂಚನ್ನು ಕೋಲಿನ ಮೇಲೆ ನಿಲ್ಲಿಸಿ, ಕೋಲಿಗೆ ಹಗ್ಗ ಕಟ್ಟಿ ದೂರದಲ್ಲಿ ಕೂರುವುದು. ಒಳಗೆ ಹೋಗುತ್ತಿದ್ದೇನೆ ಎಂದು ಬೆಕ್ಕಿಗೆ ಅನ್ನಿಸುವುದಿಲ್ಲ, ಅಡಿಯಲ್ಲಿ ಹಾದುಹೋಗುತ್ತಿದ್ದೇನೆ ಅನ್ನಿಸುತ್ತದೆ. ಮೂರು ಮರಿಗಳನ್ನು ಗೂಡಿನಲ್ಲಿಟ್ಟು ಚೌಕಟ್ಟಿನ ಹಿಂದೆ ಇಟ್ಟೆವು. ಅವು ಕೂಗಿದವು. ಅವಳು ಗೋಡೆಯ ಮೇಲೆ 50 ನಿಮಿಷ ಕೂತಿದ್ದಳು. ಹಗ್ಗ ಹಿಡಿದವರು ಅಜ್ಜಿ, ಏಕೆಂದರೆ ಬೇರೆ ಯಾರು ಕೂತಿದ್ದರೂ ಅವಳು ಇಳಿಯುತ್ತಿರಲಿಲ್ಲ. ಹಗ್ಗ ಎಳೆದ ಮೇಲೆ ಅಜ್ಜಿ ಅಲ್ಲೇ ಕೂತು ಅತ್ತರು. ‘ನನ್ನ ನಂಬಿ ಬಂದಿತ್ತಲ್ಲೋ’ ಎಂದು. ಮುಸುಕಿ ಬಿಡುಗಡೆಯಾದ ಎಂಟನೆಯ ದಿನ ಮತ್ತೆ ಅವರ ತಟ್ಟೆಯ ಹತ್ತಿರ ಬಂದಳು, ಮೊದಲಿಗಿಂತ ನಾಲ್ಕು ಹೆಜ್ಜೆ ದೂರದಲ್ಲಿ ಕೂತಳು. ಆ ನಾಲ್ಕು ಹೆಜ್ಜೆ ಇವತ್ತಿಗೂ ಕಡಿಮೆಯಾಗಿಲ್ಲ.

ನಾನು ಮಾಡಿದ ತಪ್ಪು

ಎರಡನೆಯ ತಿಂಗಳಿಗೆ ಹಿಂತಿರುಗಬೇಕು. ಮೊದಲ ಎಣಿಕೆಯ 5 ಚಿಕ್ಕ ಮರಿಗಳನ್ನು ನನ್ನ ಮನೆಯ ಒಂದು ಕೋಣೆಗೆ ತಂದಿದ್ದೆ. ಮರಿ ಮನುಷ್ಯರಿಗೆ ಒಗ್ಗುವ ವಯಸ್ಸು ಎರಡರಿಂದ ಏಳೆಂಟು ವಾರ. ಅದರೊಳಗೆ ಎತ್ತಿ, ಮುದ್ದಿಸಿ, ಕೈಯಿಂದ ತಿನ್ನಿಸಿದರೆ ಮನೆ ಸೇರುತ್ತವೆ. ನಾಲ್ಕು ತಿಂಗಳಾದ ಮೇಲೆ ಬಹುಪಾಲು ಆಗದು. ಐದೂ ಚೆನ್ನಾಗಿ ಒಗ್ಗುತ್ತಿದ್ದವು.

ಒಂದು ಬೆಳಿಗ್ಗೆ ಗೇಟಿನ ಬಳಿ ರಟ್ಟಿನ ಡಬ್ಬಿಯಲ್ಲಿ ಯಾರೋ ಒಂದು ಬಿಳಿ ಮರಿಯನ್ನು ಬಿಟ್ಟು ಹೋಗಿದ್ದರು. ಬೆಕ್ಕಿನವರು ಇಲ್ಲಿದ್ದಾರೆ ಎಂಬ ಸುದ್ದಿ ಹಬ್ಬಿದರೆ ಆಗುವುದೇ ಇದು. ಚುರುಕಾಗಿತ್ತು, ಕಣ್ಣು ಸ್ವಚ್ಛವಿತ್ತು. ಒಂಟಿಯಾಗಿ ಅಳುತ್ತಿತ್ತೆಂದು ಅದೇ ಕೋಣೆಗೆ ಬಿಟ್ಟೆ.

ನಾಲ್ಕನೆಯ ದಿನ ಬಿಳಿ ಮರಿ ತಿನ್ನಲಿಲ್ಲ. ನೀರಿನ ತಟ್ಟೆಯ ಮೇಲೆ ತಲೆ ಬಾಗಿಸಿ ಕೂತಿತ್ತು, ಕುಡಿಯುತ್ತಿರಲಿಲ್ಲ. ಆಮೇಲೆ ವಾಂತಿ. ವೈದ್ಯರು ನೋಡಿದ ಕೂಡಲೇ ಮುಖ ಸಣ್ಣಗೆ ಮಾಡಿದರು: ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕಿನ ಪಾರ್ವೊ. ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಒಟ್ಟಿಗೆ ಹಿಡಿಯುವ ವೈರಸ್. ಬಿಳಿ ರಕ್ತಕಣಗಳು ಕುಸಿಯುತ್ತವೆ, ಮರಿಗಳಲ್ಲಿ ಉಳಿಯುವವು ಕಡಿಮೆ. ಡ್ರಿಪ್ ಹಾಕಿಸಿ, ಪಾಳಿಯಲ್ಲಿ ಎಚ್ಚರವಿದ್ದರೂ ಒಂದೇ ವಾರದಲ್ಲಿ ಬಿಳಿ ಮರಿಯ ಜೊತೆ ನಮ್ಮ ಮೂರು ಹೋದವು. ಆರರಲ್ಲಿ ಎರಡು ಉಳಿದವು.

14 ದಿನ ಬೇರೆ ಕೋಣೆಯಲ್ಲಿಡಬೇಕಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದವರಿಗೆ ಹೇಳಿಕೊಳ್ಳಲು ನೆಪವೂ ಇಲ್ಲ.

ಸಾಮಾನ್ಯ ಫಿನಾಯಿಲ್, ಸ್ಪಿರಿಟ್ಟಿಗೆ ಈ ವೈರಸ್ ಜಗ್ಗುವುದಿಲ್ಲ. ಮನೆಯೊಳಗೆ ವರ್ಷದವರೆಗೂ ಬದುಕಿರಬಲ್ಲದು. ಮೊದಲು ಸೋಪಿನಿಂದ ತೊಳೆದು, ಆಮೇಲೆ 1 ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಹಾಸಿಗೆ, ಬುಟ್ಟಿ, ನನ್ನ ಚಪ್ಪಲಿ ಎಲ್ಲ ಹೊರಗೆ ಹೋದವು. ಮುಸುಕಿಯ ಮೂರು ಮರಿಗಳನ್ನು ಮುಂದೆ ನನ್ನ ಮನೆಗೆ ತರಲಿಲ್ಲ. ಎರಡನೇ ಕಟ್ಟಡದ ದಂಪತಿ ಇಟ್ಟುಕೊಂಡರು, ಲಸಿಕೆ ಮುಗಿಸಿ ಮೂರೂ ಮನೆ ಸೇರಿದವು. ಹೊರಗಿನ ಗುಂಪಿನಲ್ಲಿ ಒಂದೂ ಕಾಯಿಲೆ ಬೀಳಲಿಲ್ಲ. ಹೆಚ್ಚಿನ ಖರ್ಚು ಅನ್ನಿಸಿದ್ದ ಆ ಲಸಿಕೆ ಕಾಯಿತೆಂದು ವೈದ್ಯರ ಅಭಿಪ್ರಾಯ.

ದೂರಿದವರ ಮಾತು

ಆರು ತಿಂಗಳ ಹೊತ್ತಿಗೆ ಕಿರುಚಾಟ ಹೆಚ್ಚುಕಡಿಮೆ ನಿಂತಿತು. ಬೀಜ ತೆಗೆದ ಕೂಡಲೇ ಗಂಡುಗಳ ಸ್ವಭಾವ ಬದಲಾಗದು, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಮೂತ್ರದ ನಾತವೂ ಅದರ ಬೆನ್ನಿಗೇ ಇಳಿಯಿತು. ಮಕ್ಕಳ ಮರಳಿಗೆ ಮುಚ್ಚಳ ಹೊದಿಸಿ, ಪಂಪ್‌ಹೌಸ್ ಹಿಂದೆ ಬೆಕ್ಕಿಗೇ ಬೇರೆ ಮರಳು ಹಾಕಿ ದಿನಾ ಬಳಿದೆವು. ಕಾರಿನ ಮೇಲಿನ ಹೆಜ್ಜೆ ಗುರುತಿಗೆ ನಮ್ಮಲ್ಲಿ ಪರಿಹಾರವಿಲ್ಲ. ಹೊದಿಕೆ ಹಾಕಿಕೊಳ್ಳಿ ಎಂದೆವು, ಬೈಸಿಕೊಂಡೆವು.

ಬಸುರಿ ಸೊಸೆಯಿದ್ದ ಒಂದು ಮನೆಯವರು ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಜೀವಿಯ ಬಗ್ಗೆ ಓದಿ ಗಾಬರಿಯಾಗಿದ್ದರು. ಗಾಬರಿಗೆ ಅರ್ಥವಿದೆ, ಆದರೆ ವಿಳಾಸ ತಪ್ಪಾಗಿತ್ತು. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಒಂದರಿಂದ ಮೂರು ವಾರವಷ್ಟೇ ಅದನ್ನು ಮಲದಲ್ಲಿ ಹೊರಹಾಕುತ್ತದೆ, ಆ ಮಲವೂ ಒಂದು ದಿನವಾದರೂ ಕಳೆಯದೆ ಅಂಟಿಸುವುದಿಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಬರಿಗೈಯಲ್ಲಿ ಮಣ್ಣು ಕೆದಕುವುದು ಕೂಡ ಅಷ್ಟೇ ದೊಡ್ಡ ದಾರಿಗಳು. ಆ ಹುಡುಗಿ ಕುಂಡಗಳ ಕೆಲಸವನ್ನು ಗಂಡನಿಗೆ ಬಿಟ್ಟಳು. ಅದೇ ಸರಿಯಾದ ಮದ್ದು.

ಉತ್ತರ ಕೊಡಲಾಗದ ದೂರು ಒಂದೇ. ನಾಲ್ಕನೇ ಮಹಡಿಯಲ್ಲಿ ಹಕ್ಕಿ ನೋಡುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತೋಪಿನಲ್ಲಿ ನೆಲದ ಹತ್ತಿರ ಗೂಡು ಕಟ್ಟುವ ಹಕ್ಕಿಗಳು ಕಡಿಮೆಯಾಗಿವೆ ಎಂದು ಅವರು ಪುಸ್ತಕ ತೆರೆದು ತೋರಿಸಿದರು. ಅವರದೂ ಎಣಿಕೆಯೇ, ನನ್ನದಕ್ಕಿಂತ ಹಳೆಯದು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಂದಾಜೊಂದಿದೆ. ಆಪರೇಷನ್ ಮಾಡಿಸಿದ ಬೆಕ್ಕೂ ಬೇಟೆಯಾಡುತ್ತದೆ, ಹೊಟ್ಟೆ ತುಂಬಿದ ಬೆಕ್ಕೂ ಆಡುತ್ತದೆ. ಊಟದ ಜಾಗವನ್ನು ತೋಪಿನ ಕಡೆಯಿಂದ ಮುಂಭಾಗಕ್ಕೆ ತಂದೆವು, ಗೋಡೆಯ ಸಂದುಗಳನ್ನು ಮುಚ್ಚಿದೆವು. ‘ಸ್ವಲ್ಪ ಪರವಾಗಿಲ್ಲ’ ಎನ್ನುತ್ತಾರೆ ಮೇಷ್ಟ್ರು, ಸೌಜನ್ಯಕ್ಕೆ. ಮುಸುಕಿಯ ಬಾಯಲ್ಲಿ ಎರಡು ಸಲ ಹಕ್ಕಿ ನೋಡಿದ್ದೇನೆ. ಅವರಿಗೆ ಹೇಳಿದೆ. ಬರೆದುಕೊಂಡರು.

18 ತಿಂಗಳಾದ ಮೇಲೆ

ದೊಡ್ಡವು 18ರಿಂದ ಶುರುವಾಗಿತ್ತು. ಹೊರಗಿನಿಂದ 3 ಬಂದವು: ಎರಡಕ್ಕೆ ಆಪರೇಷನ್ ಆಯಿತು, ಮೂರನೆಯದು ಯಾರೋ ಸಾಕಿ ಬಿಟ್ಟದ್ದು, ಮೊದಲೇ ಆಗಿತ್ತು, ಎತ್ತಿಕೊಂಡರೆ ಗುರುಗುಟ್ಟುತ್ತಿತ್ತು, ಮನೆ ಸೇರಿತು. ಗುಂಪಿನ ಒಂದು ಪಟ್ಟೆಯೂ ಕಾವಲುಗಾರನ ಜೊತೆ ಹೋಯಿತು. ಒಂದು ಕಾರಿನಡಿ ಸತ್ತಿತು. ಮುದುಕ ಎಂದು ಕರೆಯುತ್ತಿದ್ದ ಗಂಡಿಗೆ ಬಾಯಿ ಪೂರ್ತಿ ಹುಣ್ಣಾಗಿ, ತಿನ್ನಲಾಗದೆ, ಔಷಧಕ್ಕೂ ಬಗ್ಗದೆ, ವೈದ್ಯರ ಸಲಹೆಯಂತೆ ನೋವಿಲ್ಲದೆ ಕಳಿಸಿಕೊಟ್ಟೆವು. ಎರಡು ಕಾಣೆಯಾದವು. ಈಗ 15, ಎಲ್ಲದರ ಕಿವಿಯಲ್ಲೂ ಗುರುತು. ಮುಸುಕಿಯ ಮರಿಗಳ ನಂತರ ಇಲ್ಲಿ ಒಂದೂ ಹುಟ್ಟಿಲ್ಲ. ಕಸ ಗುಡಿಸುವ ಅಕ್ಕನಿಗೆ 11 ತಿಂಗಳಿಂದ ಗುಂಡಿ ತೋಡುವ ಕೆಲಸ ಬಂದಿಲ್ಲ.

ಸೂಚನಾ ಫಲಕದಲ್ಲಿ ಈಗ ಎರಡೇ ಸಾಲು ಉಳಿಸಿದ್ದೇವೆ. ಒಂದು, ಕಿವಿಯಲ್ಲಿ ಗುರುತಿಲ್ಲದ ಬೆಕ್ಕು ಕಂಡರೆ ಫೋಟೊ ತೆಗೆದು ತಿಳಿಸಿ. ಇನ್ನೊಂದು, ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಬಂದಂತಿದೆ ಎಂದು ಅರ್ಧ ಮಾತ್ರೆ ಅರೆದು ತಂದವರನ್ನು ಬಾಗಿಲಲ್ಲೇ ತಡೆದ ಮೇಲೆ ಬರೆದದ್ದು ಅದು. ಆ ಅರ್ಧ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು.

ಸಮಿತಿ ಗಡುವನ್ನು ಮತ್ತೆ ಕೇಳಿಲ್ಲ. ಆದರೆ ಅಜ್ಜಿ ಮುಂದಿನ ತಿಂಗಳು ಮಗಳ ಮನೆಗೆ ಹೋಗುತ್ತಿದ್ದಾರೆ, ಬಹುಶಃ ಹಿಂತಿರುಗುವುದಿಲ್ಲ. ಬೆಳಗಿನ 6ರ ಸರದಿಗೆ ಲಿಫ್ಟ್ ಪಕ್ಕದಲ್ಲಿ ಹಾಳೆ ಅಂಟಿಸಿದ್ದೇನೆ. ಸೋಮವಾರದಿಂದ ಶುಕ್ರವಾರದವರೆಗೆ ಹೆಸರು ಬಿದ್ದಿವೆ, ಶನಿವಾರಕ್ಕೆ ಮೇಷ್ಟ್ರು ಬರೆದಿದ್ದಾರೆ. ಭಾನುವಾರದ ಮನೆ ಇನ್ನೂ ಖಾಲಿಯಿದೆ.